ಹದಿನಾರು ಹಲಗೆಗಳ ಪಾಳುನಗರ

ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಕಾಳಗದ ಆಟಗಳಲ್ಲಿ ಎರಡು ಬಗೆ. ಇಡೀ ದಂಡನ್ನೇ ಸಾಲುಗಟ್ಟಿ ನಿಲ್ಲಿಸುವುದು ಒಂದು. ಐದರಿಂದ ಹದಿನೈದು ಜನರ ಪುಟ್ಟ ತಂಡ, ಒಬ್ಬೊಬ್ಬನಿಗೂ ತನ್ನದೇ ಹೆಸರು, ತನ್ನದೇ ಆಯುಧ, ತನ್ನದೇ ಸಾವು ಇರುವುದು ಇನ್ನೊಂದು. ಎರಡನೆಯದನ್ನು ಸ್ಕರ್ಮಿಶ್ ಆಟ ಎನ್ನುತ್ತಾರೆ. ಚಕಮಕಿ ಎಂದರೂ ನಡೆದೀತು. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಸಾಮಾನ್ಯವಾಗಿ ದಾಳದ ಸುತ್ತಲೇ ಗಿರಕಿ ಹೊಡೆಯುತ್ತದೆ: ಆರು ಮುಖದ್ದೋ, ಇಪ್ಪತ್ತು ಮುಖದ್ದೋ, ಅಥವಾ ದಾಳವೇ ಬೇಡವೋ. ಆಟದ ಗುಣ ತಿಳಿಯಬೇಕಾದರೆ ಅದು ಕೇಳುವ ಗೋಡೆಯನ್ನು ಕಟ್ಟಿ ನೋಡಬೇಕು ಎಂಬುದು ನನ್ನ ಪಕ್ಷ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಆಟಗಳಲ್ಲಿ ಮಾತ್ರ ಎಷ್ಟೋ ಸಲ ನಿಜಕ್ಕೂ ನೆಲವೇ ಡೊಂಕಾಗಿರುತ್ತದೆ.

ಆದ್ದರಿಂದ ಕೈಗೆತ್ತಿಕೊಂಡ ಕೆಲಸ ಇದು: ಫ್ರಾಸ್ಟ್‌ಗ್ರೇವ್, ಮಾರ್ಡ್‌ಹೈಮ್, ವಾರ್‌ಕ್ರೈ, ಕಿಲ್ ಟೀಮ್, ಮ್ಯಾಲಿಫಾಕ್ಸ್, ಇನ್ಫಿನಿಟಿ ಈ ಆರು ಸ್ಕರ್ಮಿಶ್ ಆಟಗಳಿಗೂ ಆಗಿಬರುವ ಒಂದು ಪಾಳುನಗರ. ಕೊನೆಗೆ ಎಲ್ಲವೂ ಡಬ್ಬಿಗಳಲ್ಲಿ ಕೂತು ಕಪಾಟು ಸೇರಬೇಕು.

ಅಳತೆ

ಮೊದಲ ತೊಡಕು ಮೇಜಿನ ಅಗಲದ್ದು. ವಾರ್‌ಕ್ರೈ ಮತ್ತು ಈಚಿನ ಕಿಲ್ ಟೀಮ್ 22 ಅಂಗುಲಕ್ಕೆ 30 ಅಂಗುಲದ ಹಲಗೆಯ ಮೇಲೆ ನಡೆಯುತ್ತವೆ. ಮ್ಯಾಲಿಫಾಕ್ಸ್‌ಗೆ 3 ಅಡಿಯ ಚೌಕ ಬೇಕು, ಫ್ರಾಸ್ಟ್‌ಗ್ರೇವ್‌ಗೂ ಅದೇ ಹದ. ಮಾರ್ಡ್‌ಹೈಮ್ ಮತ್ತು ಇನ್ಫಿನಿಟಿ 4 ಅಡಿಯ ಚೌಕ ಕೇಳುತ್ತವೆ. ಒಂದೊಂದು ಅಡಿಯ ಬಿಡಿ ಹಲಗೆಗಳನ್ನು ಮಾಡಿದರೆ 9 ಸೇರಿ 3 ಅಡಿಯ ಚೌಕ, 16 ಸೇರಿ 4 ಅಡಿಯ ಚೌಕ. 22ಕ್ಕೆ 30 ಮಾತ್ರ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ. ಅದಕ್ಕೆ 6 ಹಲಗೆ ಜೋಡಿಸಿ 24ಕ್ಕೆ 36 ಮಾಡಿಕೊಂಡು, ಉದ್ದದ ಅಂಚುಗಳಲ್ಲಿ 1 ಅಂಗುಲ, ಗಿಡ್ಡ ಅಂಚುಗಳಲ್ಲಿ 3 ಅಂಗುಲ ಒಳಗೆ ಬಂದು ನಾಲ್ಕು ಮೂಲೆಗೂ ಒಡೆದ ಕಟ್ಟೆಯ ತುಂಡೊಂದನ್ನು ಇಟ್ಟೆ. ಅದೇ ಎಲ್ಲೆ. ಹೊರಗುಳಿದ 3 ಅಂಗುಲದಲ್ಲಿ ದಾಳ, ಗುರುತುಬಿಲ್ಲೆಗಳು ಕೂರುತ್ತವೆ.

ಅಡಿ ಎಂದರೆ 304.8 ಮಿಲಿಮೀಟರ್. ಅಳತೆಪಟ್ಟಿಯಲ್ಲಿ ಸುಲಭವಾಗಿ ಸಿಗುತ್ತದೆಂದು 300ಕ್ಕೆ ಕತ್ತರಿಸಿದರೆ ನಾಲ್ಕು ಹಲಗೆ ಸೇರುವಷ್ಟರಲ್ಲಿ 19 ಮಿಲಿಮೀಟರ್ ಕಡಿಮೆ ಬೀಳುತ್ತದೆ, ಅಂದರೆ ಮುಕ್ಕಾಲು ಅಂಗುಲ. ಬಾಣ ತಾಕಿತೋ ಇಲ್ಲವೋ ಎಂದು ಅಂಗುಲದ ಲೆಕ್ಕದಲ್ಲಿ ಕಿತ್ತಾಡುವ ಆಟದಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ 305 ಇಟ್ಟುಕೊಂಡೆ.

ನೆಲ

ಅಡಿಯಲ್ಲಿ 3 ಮಿಲಿಮೀಟರ್‌ನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಮೇಲೆ 20 ಮಿಲಿಮೀಟರ್‌ನ ಎಕ್ಸ್‌ಪಿಎಸ್ ಫೋಮ್. ಇದು ಮಣಿಮಣಿಯಾಗಿ ಉದುರುವ ಥರ್ಮೋಕೋಲ್ ಅಲ್ಲ. ಒತ್ತಾದ, ನುಣುಪಾದ ಹಾಳೆ, ಕಟ್ಟರ್ ಬ್ಲೇಡಿಗೆ ಒಳ್ಳೆಯ ಅಂಚು ಕೊಡುತ್ತದೆ. ಬ್ಲೇಡ್ ಹೊಸದಿರಬೇಕು, ಕೈ ಇಳಿಜಾರಾಗಿ ಉದ್ದಕ್ಕೆ ಎಳೆಯಬೇಕು. ಮೊಂಡಾದ ಬ್ಲೇಡಿನಿಂದ ಒತ್ತಿದರೆ ಫೋಮ್ ಕಿತ್ತುಬರುತ್ತದೆ. ಎರಡು ಪದರಗಳ ನಡುವೆ ಮರಗೆಲಸದ ಬಿಳಿ ಅಂಟು, ಮೇಲೆ ರಾತ್ರಿಯಿಡೀ ದಪ್ಪ ಪುಸ್ತಕಗಳ ಭಾರ.

ನೀರಿನಂಶದ ಅಂಟಾಗಲಿ ಬಣ್ಣವಾಗಲಿ ಒಂದೇ ಬದಿಗೆ ಬಿದ್ದರೆ ಒಣಗುವಾಗ ಆ ಬದಿ ಎಳೆದು ಹಲಗೆ ದೋಣಿಯಾಗುತ್ತದೆ. ಆದ್ದರಿಂದ ಮೇಲೆ ಬಣ್ಣ ಬಳಿಯುವ ಹೊತ್ತಿಗೇ ಎಂಡಿಎಫ್‌ನ ಅಡಿಗೂ ಒಂದು ಕೈ ಬಳಿದೆ. ನೋಡಲು ವ್ಯರ್ಥವೆನಿಸುವ ಕೆಲಸ, ಆದರೆ ಹದಿನಾರೂ ಸಮತಟ್ಟಾಗಿ ಉಳಿದಿರುವುದು ಅದರಿಂದಲೇ.

ಹಾಸುಗಲ್ಲುಗಳ ಗೆರೆಗಳನ್ನು ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಎಳೆದೆ. ಒರಟುತನಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ಉರುಳಿಸಿದರೆ ಸಾಕು. ಇದಕ್ಕಿಂತ ಅಗ್ಗದ ಉಪಕರಣ ಈ ಹವ್ಯಾಸದಲ್ಲಿ ಇಲ್ಲ. 9 ಹಲಗೆಗಳಿಗೆ ಮಾತ್ರ ಕಲ್ಲು, ಚರಂಡಿ, ಬಿರುಕು ಎಲ್ಲ ಮಾಡಿ, ಉಳಿದ ಏಳನ್ನು ಬರೀ ಮಣ್ಣುನೆಲವಾಗಿ ಬಿಟ್ಟೆ. 4 ಅಡಿಯ ಆಟಗಳಲ್ಲಿ ಆ ಏಳು ಎರಡು ಬದಿಗೆ ಲಂಬಕೋನದಲ್ಲಿ ಸೇರುತ್ತವೆ.

ಗೋಡೆ

ಎಲ್ಲ ಆಟಕ್ಕೂ ಒಪ್ಪುವ ಎತ್ತರಗಳು ಯಾವುವು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. 28 ಮಿಲಿಮೀಟರ್ ಗೊಂಬೆ ಎಂದರೆ ಅಂದಾಜು ಪಾದದಿಂದ ಕಣ್ಣಿನವರೆಗೆ ಅಷ್ಟು. ಗೊಂಬೆ ನಿಲ್ಲುವ ಬಿಲ್ಲೆಯ, ಅಂದರೆ ಬೇಸಿನ, 3 ಮಿಲಿಮೀಟರ್ ಸೇರಿ ಕಣ್ಣು 31ರ ಹತ್ತಿರ ಬರುತ್ತದೆ. ಮೋಟುಗೋಡೆಗಳನ್ನು 18 ಮಿಲಿಮೀಟರ್‌ಗೆ ನಿಲ್ಲಿಸಿದೆ: ಸೊಂಟ ಮುಚ್ಚಿತು, ಬಿಲ್ಲುಗಾರನ ಕೈ ಮೇಲೆ ಉಳಿಯಿತು. ಕಿಟಕಿಯ ಹೊಸ್ತಿಲಿಗೂ ಅದೇ 18. ಪೂರ್ತಿ ಮರೆಸುವ ಗೋಡೆಗೆ 45. ಈ 45 ಬಂದದ್ದು ಇನ್ಫಿನಿಟಿಯಿಂದ. ಅಲ್ಲಿ ಗೊಂಬೆ ಮಂಡಿಯೂರಿರಲಿ, ಕತ್ತಿ ಎತ್ತಿರಲಿ, ಕಣ್ಣಿಗೆ ಬೀಳುವುದರ ಲೆಕ್ಕ ಒಂದು ಕಾಲ್ಪನಿಕ ಸಿಲಿಂಡರಿನದು. ಸಾಮಾನ್ಯ ಸೈನಿಕನಿಗೆ ಅದು 25 ಮಿಲಿಮೀಟರ್ ಅಗಲ, 40 ಮಿಲಿಮೀಟರ್ ಎತ್ತರ. ರಟ್ಟಿನಲ್ಲಿ ಅಂಥದೊಂದು ಕೊಳವೆ ಸುತ್ತಿಕೊಂಡು ಪ್ರತಿ ಗೋಡೆಯ ಹಿಂದೆಯೂ ನಿಲ್ಲಿಸಿ ನೋಡಿದೆ. ಕೆಲಸ ಮುಗಿಯುವವರೆಗೂ ಅತಿ ಹೆಚ್ಚು ಕೈಗೆ ಬಂದ ವಸ್ತು ಅದೇ.

ಮಹಡಿಗಳು ಸರಿಯಾಗಿ 3 ಅಂಗುಲಕ್ಕೊಂದು. ಏರುವಾಗ ಅಂಗುಲ ಎಣಿಸುವ ಆಟಗಳಲ್ಲಿ ಲೆಕ್ಕ ಸುಲಭ, ಮೇಲಿನ ಮಹಡಿಯನ್ನು ತೆಗೆಯದೆಯೇ ಕೆಳಗಿನ ಗೊಂಬೆಯನ್ನು ಎರಡು ಬೆರಳಿನಿಂದ ಹಿಡಿದು ಸರಿಸಬಹುದು. ನಡೆಹಾದಿಗಳ ಅಗಲ 50 ಮಿಲಿಮೀಟರ್, ಅಂದರೆ 25ರ ಎರಡು ಬೇಸು ಪಕ್ಕಪಕ್ಕ ನಿಲ್ಲುವಷ್ಟು. ಕಿಲ್ ಟೀಮಿನ ದೈತ್ಯ ಯೋಧರ 32ರ ಬೇಸಿಗೂ ಅಲ್ಲಿ ಜಾಗವಿದೆ. ಮೆಟ್ಟಿಲು ಮಾತ್ರ ಕಟ್ಟಲಿಲ್ಲ. ಚಿತ್ರದಲ್ಲಿ ಮೆಟ್ಟಿಲು ಎಷ್ಟು ಚೆಂದವೋ ಆಟದಲ್ಲಿ ಅಷ್ಟು ಕಿರಿಕಿರಿ. ಗೊಂಬೆ ನಿಲ್ಲುವುದೇ ಇಲ್ಲ, ಉರುಳುತ್ತದೆ. ಎಲ್ಲ ಕಡೆ ಏಣಿ ಹಾಕಿದೆ.

ಪ್ರತಿ ಪಾಳುಕಟ್ಟಡಕ್ಕೂ ಎಂಡಿಎಫ್‌ನ ಅಡಿಹಲಗೆ ಇದೆ, ಅಂಚನ್ನು ಸ್ಯಾಂಡ್‌ಪೇಪರಿನಿಂದ ಇಳಿಜಾರು ಮಾಡಿದ್ದೇನೆ. ಇದು ಮ್ಯಾಲಿಫಾಕ್ಸ್‌ನ ಒತ್ತಾಯ. ಆ ಆಟ ಗೋಡೆಯನ್ನು ಕಣ್ಣಿನಿಂದ ನೋಡುವುದಿಲ್ಲ, ನಕ್ಷೆಯಂತೆ ಮೇಲಿನಿಂದ ನೋಡುತ್ತದೆ. ಪ್ರತಿ ತುಂಡಿಗೂ ಎತ್ತರದ ಒಂದು ಅಂಕಿ, ಜೊತೆಗೆ ನೋಟ ತಡೆಯುವುದೋ, ನಡೆ ನಿಧಾನಿಸುವುದೋ, ಅಪಾಯ ಮಾಡುವುದೋ ಎಂಬ ಗುಣ ಆಟಕ್ಕೆ ಮುಂಚೆಯೇ ಇಬ್ಬರ ಒಪ್ಪಿಗೆಯಿಂದ ನಿಗದಿಯಾಗಬೇಕು. ಹಾಗಾದರೆ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗಡಿ ಸ್ಪಷ್ಟವಿರಬೇಕು. ಅಡಿಹಲಗೆಯ ಕೆಳಗೆ ಮಾರ್ಕರಿನಿಂದ ಈ ವಿವರಗಳನ್ನು ಬರೆದಿಟ್ಟೆ. ಪ್ರತಿ ಸಲ ಚರ್ಚೆ ಬೇಡ.

ಬಣ್ಣ

ಸ್ಪ್ರೇ ಡಬ್ಬಿಯ ದ್ರಾವಕ ಬರಿಯ ಫೋಮನ್ನು ತಿನ್ನುತ್ತದೆ, ಆದ್ದರಿಂದ ಕುಂಚವೇ ಗತಿ. ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಬಿಳಿ ಅಂಟು ಬೆರೆಸಿ ಮೊದಲ ಲೇಪ: ಬಣ್ಣವೂ ಆಯಿತು, ತೊಗಲೂ ಗಟ್ಟಿಯಾಯಿತು. ಅದರ ಮೇಲೆ ಕಡುಬೂದು, ನಂತರ ಕುಂಚವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿಕೊಂಡು ತಿಳಿಬೂದು ಸವರುವ ಡ್ರೈ ಬ್ರಶ್, ಕೊನೆಗೆ ನೀರಾದ ಕಂದು. ಗೋಡೆಯ ಬುಡಕ್ಕೆ ಸ್ಪಂಜಿನಿಂದ ಸ್ವಲ್ಪ ಪಾಚಿಹಸಿರು ತಟ್ಟಿದೆ.

ಹಿಮದ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಫ್ರಾಸ್ಟ್‌ಗ್ರೇವ್ ನಡೆಯುವುದು ಹಿಮ ಕರಗುತ್ತಿರುವ ಹಳೆಯ ಮಾಂತ್ರಿಕ ನಗರದಲ್ಲಿ. ಮಾರ್ಡ್‌ಹೈಮ್ ಧೂಮಕೇತು ಬಿದ್ದು ಹಾಳಾದ ಊರು, ಅಲ್ಲಿ ಹಿಮಕ್ಕೆ ಕೆಲಸವಿಲ್ಲ. ಕಟ್ಟಡಕ್ಕೇ ಅಂಟಿಸಿದರೆ ಒಂದು ಆಟಕ್ಕೆ ಗಂಟು ಬೀಳುತ್ತದೆ. ಹಾಗಾಗಿ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅಡ್ಡಾದಿಡ್ಡಿ ಕತ್ತರಿಸಿ, ಬಿಳಿ ಪೇಸ್ಟ್ ಹಚ್ಚಿ, ಬೇಕಾದಾಗ ಹಾಸುವ ಹಿಮದ ತೇಪೆಗಳನ್ನು ಮಾಡಿಕೊಂಡೆ. ಅಡುಗೆ ಸೋಡಾ ಅಂಟಿಗೆ ಬೆರೆಸಿ ಹಿಮ ಮಾಡುವವರಿದ್ದಾರೆ. ಕಾಲ ಕಳೆದಂತೆ ಅದು ಹಳದಿಗೆ ತಿರುಗುತ್ತದೆ, ಬೇಡ.

ಗೊಂಬೆಗಳು

ಇಲ್ಲಿ ಆಟಗಳು ಎರಡು ಪಂಗಡವಾಗುತ್ತವೆ. ಫ್ರಾಸ್ಟ್‌ಗ್ರೇವ್‌ಗೆ ಯಾವ ಕಂಪನಿಯ ಗೊಂಬೆಯಾದರೂ ಸರಿ. ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, 8 ಜನ ಆಳುಗಳು, ಒಟ್ಟು 10. ಇದೇ ಹತ್ತನ್ನು ಮನೆಯ ಮಟ್ಟಿಗೆ ಮಾರ್ಡ್‌ಹೈಮ್‌ಗೂ ದುಡಿಸಿಕೊಳ್ಳಬಹುದು. ಇನ್ಫಿನಿಟಿ, ಮ್ಯಾಲಿಫಾಕ್ಸ್ ಹಾಗಲ್ಲ. ಅಲ್ಲಿ ಗೊಂಬೆ, ಪಾತ್ರ, ನಿಯಮ ಒಂದಕ್ಕೊಂದು ಹೆಣೆದುಕೊಂಡಿವೆ. ಮ್ಯಾಲಿಫಾಕ್ಸ್‌ನಲ್ಲಿ ಬೇಸಿನ ಅಳತೆಯೇ 30, 40, 50 ಎಂದು ಬೇರೆ. ಅವೆರಡಕ್ಕೆ ಗೆಳೆಯನ ತಂಡಗಳನ್ನು ಕಡ ತಂದೆ.

ನನ್ನ ಹತ್ತು ಹತ್ತರ ಎರಡು ತಂಡಗಳು ಪ್ಲಾಸ್ಟಿಕ್ಕಿನವು. ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ಪ್ಲಾಸ್ಟಿಕ್ ಸಿಮೆಂಟಿನಿಂದ ಕೂಡಿಸುವುದು. ಇದು ಎರಡೂ ಮೈಗಳನ್ನು ತುಸು ಕರಗಿಸಿ ಬೆಸೆಯುತ್ತದೆ. ಲೋಹದ ಗೊಂಬೆಗೆ ಇದು ನಾಟುವುದಿಲ್ಲ, ಸೂಪರ್ ಗ್ಲೂ ಬೇಕು. ಬೇಸಿನ ಅಡಿಗೆ 5 ಮಿಲಿಮೀಟರ್‌ನ ಬಿಲ್ಲೆ ಅಯಸ್ಕಾಂತ, ಡಬ್ಬಿಯ ತಳಕ್ಕೆ ಉಕ್ಕಿನ ತಗಡು. ಬಣ್ಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಪ್ಪು ಪ್ರೈಮರ್ ಮೇಲೆ ತಲೆಯ ಕಡೆಯಿಂದ ಬಿಳಿ ಸವರಿ, ಮೇಲೆ ತೆಳುಬಣ್ಣ. ಮೂರಡಿ ದೂರದಿಂದ ನೋಡುವವರಿಗೆ ಇಷ್ಟು ಸಾಕು.

ಮೇಜಿನ ಮೇಲೆ

ವಾರ್‌ಕ್ರೈ ಮೊದಲು. ಪ್ರತಿ ಸುತ್ತಿನ ಮೊದಲಿಗೆ ಇಬ್ಬರೂ 6 ದಾಳ ಉರುಳಿಸುತ್ತಾರೆ. ಜೋಡಿಯಾಗದೆ ಉಳಿದ ದಾಳಗಳು ಮೊದಲು ನಡೆಯುವ ಹಕ್ಕನ್ನು ತೀರ್ಮಾನಿಸುತ್ತವೆ. ಎರಡು, ಮೂರು, ನಾಲ್ಕು ಒಂದೇ ಅಂಕಿ ಬಿದ್ದದ್ದು ವಿಶೇಷ ಶಕ್ತಿಗಳಿಗೆ ಖರ್ಚಾಗುತ್ತದೆ. ಅದೃಷ್ಟ ಕೆಟ್ಟವನಿಗೆ ಕನಿಷ್ಠ ಮುಂದಾಳತ್ವವಾದರೂ ಸಿಗುತ್ತದೆ ಎಂಬ ಈ ಏರ್ಪಾಟು ನನಗೆ ಬಹಳ ಹಿಡಿಸಿತು. ಹೊಡೆದಾಟ ಹೆಚ್ಚಾಗಿ ಕೈಗೆ ಕೈ ತಾಗುವಷ್ಟು ಹತ್ತಿರದ್ದು. ಆದ್ದರಿಂದ ಮರೆಸುವ ಗೋಡೆಗಿಂತ ಏರುವ ಜಾಗ ಮುಖ್ಯ. ಎರಡು ಕಟ್ಟಡ, ಒಂದು ನಡೆಹಾದಿ, ಮೂರು ಏಣಿ ಇಟ್ಟೆ. ಉಳಿದದ್ದನ್ನು ಡಬ್ಬಿಗೆ ಹಾಕಿದೆ. ಹೆಚ್ಚು ತುಂಬಿದರೆ ಗೊಂಬೆಗಳು ಓಣಿಯಲ್ಲಿ ಸಾಲುಗಟ್ಟಿ ನಿಂತು ಆಟ ಬಿಗಿಯುತ್ತದೆ.

ಕಿಲ್ ಟೀಮ್ ಅದೇ ಅಳತೆಯ ಹಲಗೆ, ಆದರೆ ಬೇಡಿಕೆ ತದ್ವಿರುದ್ಧ. 2021ರ ಆವೃತ್ತಿಯಿಂದ ಪ್ರತಿ ಯೋಧನಿಗೂ ಅಡಗು ಅಥವಾ ಕಾದಾಡು ಎಂಬ ಎರಡರಲ್ಲಿ ಒಂದು ಆದೇಶ ಇರುತ್ತದೆ. ಅಡಗಿ ಮೋಟುಗೋಡೆಗೆ ಒತ್ತಿ ನಿಂತವನನ್ನು ಸಾಮಾನ್ಯವಾಗಿ ಗುರಿಯಿಡುವಂತೆಯೇ ಇಲ್ಲ. ಹೀಗಾಗಿ ವಾರ್‌ಕ್ರೈಯಲ್ಲಿ ಬರಿಯ ಅಲಂಕಾರವಾಗಿದ್ದ 18 ಮಿಲಿಮೀಟರ್‌ನ ಗೋಡೆ ಇಲ್ಲಿ ಪ್ರಾಣ ಉಳಿಸುತ್ತದೆ. ಮೋಟುಗೋಡೆಗಳು ಸಾಲದೆ ಬಂದು ಮುರಿದ ಗಾಡಿ, ಪೀಪಾಯಿ, ಕಲ್ಲುರಾಶಿಗಳನ್ನು ಬೇರೆ ಮಾಡಬೇಕಾಯಿತು. ಅಂದಹಾಗೆ, 2021ರಲ್ಲಿ ಅಂಗುಲ ಬಿಟ್ಟು ತ್ರಿಕೋನ, ವೃತ್ತ, ಚೌಕ, ಪಂಚಭುಜ ಎಂದು ದೂರ ಅಳೆಯುವ ವಿಚಿತ್ರ ಪದ್ಧತಿ ತಂದಿದ್ದರು. 2024ರ ಆವೃತ್ತಿ ಮತ್ತೆ ಅಂಗುಲಕ್ಕೆ ಮರಳಿತು. ಒಳ್ಳೆಯದಾಯಿತು.

ಫ್ರಾಸ್ಟ್‌ಗ್ರೇವ್‌ಗೆ 9 ಹಲಗೆ, ಮೇಲೆ ಹಿಮದ ತೇಪೆ. 2015ರಲ್ಲಿ ಬಂದ ಆಟ, 2020ರಲ್ಲಿ ಎರಡನೆಯ ಆವೃತ್ತಿ. ಇಬ್ಬರೂ 20 ಮುಖದ ದಾಳ ಉರುಳಿಸುತ್ತಾರೆ, ಕಾದಾಟದ ಅಂಕಿ ಕೂಡಿಸುತ್ತಾರೆ, ಹೆಚ್ಚು ಬಂದವನು ಗೆದ್ದ; ಗೆದ್ದವನ ಮೊತ್ತದಲ್ಲಿ ಸೋತವನ ಕವಚದ ಅಂಕಿ ಕಳೆದರೆ ಉಳಿದದ್ದು ಗಾಯ. ಎಷ್ಟು ಸರಳವೋ ಅಷ್ಟೇ ಕ್ರೂರ. ಗುರಾಣಿ ಹೊತ್ತ ವೀರನೊಬ್ಬ ನಾಯಿಯ ಕೈಯಲ್ಲಿ ಸಾಯಬಹುದು, ಸಾಯುತ್ತಾನೆ. ಬಿಲ್ಲಿನ ದೂರ 24 ಅಂಗುಲ, ಮೇಜು 36. ಮೊದಲ ಆಟದಲ್ಲೇ ಗೊತ್ತಾಯಿತು, ಬಯಲು ಬಿಟ್ಟರೆ ಇಬ್ಬರು ಬಿಲ್ಲುಗಾರರೇ ಆಟ ಮುಗಿಸುತ್ತಾರೆ. ತೆಳು ಮರೆಗೆ 2, ದಪ್ಪ ಮರೆಗೆ 4 ಎಂದು ಗುರಿಯಾದವನ ದಾಳಕ್ಕೆ ಸೇರುತ್ತದೆ. 20ರ ದಾಳದಲ್ಲಿ 4 ಎಂದರೆ ಐದನೆಯ ಒಂದು ಭಾಗ. ಇನ್ನು ನಿಧಿ ಹೊತ್ತವನ ನಡೆ ಅರ್ಧವಾಗುತ್ತದೆ: 6 ಅಂಗುಲ ನಡೆಯುತ್ತಿದ್ದವನು 3ಕ್ಕೆ ಇಳಿಯುತ್ತಾನೆ. ಅಂಥವನು ಮೇಜಿನ ಅಂಚು ತಲುಪುವ ದಾರಿಯುದ್ದಕ್ಕೂ ಮರೆ ಇಲ್ಲದಿದ್ದರೆ ನಿಧಿ ಎತ್ತುವ ಧೈರ್ಯವನ್ನೇ ಯಾರೂ ಮಾಡುವುದಿಲ್ಲ. ಅದಕ್ಕೆಂದೇ ನಡುವಿನಿಂದ ನಾಲ್ಕೂ ದಿಕ್ಕಿಗೆ ಮುರುಕು ಗೋಡೆಗಳ ಅಂಕುಡೊಂಕು ಸಾಲು ಜೋಡಿಸಿದೆ. ಆಮೇಲೆ ಆಟಕ್ಕೆ ಕಳೆ ಬಂತು. ಮಾಂತ್ರಿಕರು ಮಂಜು ಕವಿಸಿ, ಗೋಡೆ ಎಬ್ಬಿಸಿ, ಆಳುಗಳನ್ನು ಹಾರಿಸಿ, ನಾನು ಕಷ್ಟಪಟ್ಟು ಕಟ್ಟಿದ್ದನ್ನೆಲ್ಲ ಹಾಸ್ಯ ಮಾಡಿದರು.

ಮ್ಯಾಲಿಫಾಕ್ಸ್‌ನಲ್ಲಿ ದಾಳವಿಲ್ಲ. 52 ಎಲೆ, 2 ಜೋಕರ್ ಸೇರಿ 54ರ ಕಟ್ಟು, ಕೈಯಲ್ಲಿ 6 ಎಲೆ. ಬಿದ್ದ ಎಲೆ ಇಷ್ಟವಾಗದಿದ್ದರೆ ಕೈಯಲ್ಲಿರುವುದನ್ನು ಕೊಟ್ಟು ವಿಧಿಯನ್ನೇ ಬದಲಿಸಬಹುದು. ಬಹಳ ಚೊಕ್ಕವಾದ ಆಟ. ಆದರೆ ನನ್ನ ಮೂರು ಮಹಡಿಯ ಗೋಪುರ ಅಲ್ಲಿ ಎತ್ತರದ ಒಂದು ಅಂಕಿಯಾಗಿ ನಿಂತುಬಿಟ್ಟಿತು. ಕೈಯಾರೆ ಕಟ್ಟಿದವನಿಗೆ ಇದು ಸ್ವಲ್ಪ ಚುಚ್ಚುತ್ತದೆ. ಚಪ್ಪಟೆ ತುಂಡುಗಳಲ್ಲೂ ಈ ಆಟ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಮಾರ್ಡ್‌ಹೈಮ್ 1999ರ ಆಟ, ಬಹಳ ಕಾಲದಿಂದ ಅಚ್ಚಿನಲ್ಲಿಲ್ಲ, ಆಡುವವರು ಮಾತ್ರ ಬಿಟ್ಟಿಲ್ಲ. ಒಬ್ಬನ ಇಡೀ ತಂಡ ನಡೆದ ಮೇಲೆ ಇನ್ನೊಬ್ಬನ ಸರದಿ. ಇವತ್ತಿನ ಒಬ್ಬೊಬ್ಬರಾಗಿ ಸರದಿ ಬದಲಿಸುವ ಆಟಗಳ ಮುಂದೆ ಇದು ಹಳೆಯ ಶೈಲಿ ಎನಿಸುತ್ತದೆ. ಆದರೆ ಎತ್ತರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಆಟ ಈ ಆರರಲ್ಲಿ ಮತ್ತೊಂದಿಲ್ಲ. 3 ಅಂಗುಲದವರೆಗಿನ ಸಂದನ್ನು ಜಿಗಿದು ದಾಟಬಹುದು, 6 ಅಂಗುಲದವರೆಗೆ ಕೆಳಕ್ಕೆ ಹಾರಬಹುದು, ಮೇಲಿನಿಂದ ಶತ್ರುವಿನ ಮೇಲೆಯೇ ಎರಗಬಹುದು. ತಪ್ಪಿ ಬಿದ್ದರೆ ಎಷ್ಟು ಅಂಗುಲವೋ ಅಷ್ಟು ಬಲದ ಪೆಟ್ಟು. ನನ್ನ ಮೊದಲ ಮಹಡಿಯಿಂದ ಬಿದ್ದರೆ ಬಲ 3, ಎರಡನೆಯದರಿಂದ ಬಲ 6. ಎದುರುಬದುರು ಬಾಲ್ಕನಿಗಳ ನಡುವೆ ಎರಡೂವರೆ ಅಂಗುಲ ಬಿಟ್ಟು ಕಟ್ಟಡಗಳನ್ನು ನಿಲ್ಲಿಸಿದಾಗ, ಆಟಗಾರರು ತಾವಾಗಿಯೇ ಓಣಿ ಬಿಟ್ಟು ಸೂರು ಹತ್ತಿದರು. ಆ ಅರ್ಧ ಅಂಗುಲದ ಸಡಿಲಿಕೆ ಇರಬೇಕು. ಸರಿಯಾಗಿ 3 ಇಟ್ಟರೆ ಪ್ರತಿ ಜಿಗಿತಕ್ಕೂ ಅಳತೆಪಟ್ಟಿ ಹೊರಬರುತ್ತದೆ.

ಕಡೆಗೆ ಇನ್ಫಿನಿಟಿ. ಹದಿನಾರು ಹಲಗೆ ಹಾಸಿ, ಇದ್ದಬದ್ದ ಕಟ್ಟಡಗಳನ್ನೆಲ್ಲ ಇಟ್ಟರೂ ಸಾಲಲಿಲ್ಲ. ಕಾರಣ ಅದರ ಸರದಿಯ ವ್ಯವಸ್ಥೆಯಲ್ಲೇ ಇದೆ. ಸಾಮಾನ್ಯವಾಗಿ ಸೈನಿಕನಿಗೊಂದು ಆದೇಶ ಹುಂಡಿಗೆ ಬೀಳುತ್ತದೆ, ಹುಂಡಿಯ ಆದೇಶಗಳನ್ನು ಒಬ್ಬನ ಮೇಲೆಯೇ ಸುರಿಯಬಹುದು. ಇತ್ತ ಎದುರಾಳಿಯೂ ಸುಮ್ಮನಿರುವುದಿಲ್ಲ: ಆ ನಡೆಯನ್ನು ಕಂಡ ಪ್ರತಿಯೊಬ್ಬನೂ ಪ್ರತಿ ಆದೇಶಕ್ಕೂ ಮರುಗುಂಡು ಹಾರಿಸಬಹುದು. ಅಂದರೆ ಬಯಲಿನಲ್ಲಿ ಒಂದು ಹೆಜ್ಜೆ ಇಟ್ಟರೆ ಐದು ಬಂದೂಕು ಒಟ್ಟಿಗೆ ತಿರುಗುತ್ತವೆ. ಸಾಮಾನ್ಯ ಸೈನಿಕ ಒಂದು ಆದೇಶದಲ್ಲಿ 4 ಮತ್ತು 4 ಅಂಗುಲ, ಒಟ್ಟು 8 ಸರಿಯಬಲ್ಲ. ಆದ್ದರಿಂದ ಒಂದು ಮರೆಯಿಂದ ಇನ್ನೊಂದಕ್ಕೆ 8 ಅಂಗುಲಕ್ಕಿಂತ ಹೆಚ್ಚು ಇರಕೂಡದು ಎಂದು ಗೆರೆ ಎಳೆದುಕೊಂಡೆ. ಆಮೇಲೆ ಪ್ರತಿ ಸೂರಿನ ಮೇಲೂ ಆ ರಟ್ಟಿನ ಕೊಳವೆಯನ್ನಿಟ್ಟು, ಅದರ ತುದಿಯಿಂದ ಲೇಸರ್ ದೀಪ ಹಾಯಿಸಿದೆ. ಎದುರು ಬದಿಯ 12 ಅಂಗುಲದ ನಿಯೋಜನೆಯ ಪಟ್ಟಿಗೆ ಕೆಂಪು ಚುಕ್ಕೆ ಸಲೀಸಾಗಿ ಮುಟ್ಟುವ ಕಡೆಯೆಲ್ಲ ಒಂದು ತಡೆ ಇಟ್ಟೆ. ಏಳು ಮಣ್ಣುನೆಲದ ಹಲಗೆಗಳೇ ದೊಡ್ಡ ತೂತುಗಳು. ಅವುಗಳಿಗಾಗಿ 45 ಮಿಲಿಮೀಟರ್ ಎತ್ತರದ, ಯಾವ ಕುಸುರಿಯೂ ಇಲ್ಲದ ಪೆಟ್ಟಿಗೆಗಳನ್ನು ಕತ್ತರಿಸಿದೆ. ನೋಡಲು ಬೋಳು, ಆದರೆ ಮೇಜು ಸಮವಾದದ್ದು ಅವುಗಳಿಂದ.

ಈಗ ಕಪಾಟಿನಲ್ಲಿ ಮೇಲಿನ ಡಬ್ಬಿ ಫ್ರಾಸ್ಟ್‌ಗ್ರೇವ್‌ನದು. ಇತರರಿಗೆ ನಾನು ಮೊದಲು ತೋರಿಸುವುದು ವಾರ್‌ಕ್ರೈ, ಏಕೆಂದರೆ ಆರು ಹಲಗೆ ಹಾಸಿ ಕೂತವನು ಬೇಗ ಆಟದೊಳಗೆ ಇಳಿಯುತ್ತಾನೆ. ಇನ್ಫಿನಿಟಿ ಆರರಲ್ಲಿ ಅತ್ಯಂತ ಚುರುಕಾದ ಆಟವೆಂದು ಒಪ್ಪುತ್ತೇನೆ, ಆದರೆ ಅದಕ್ಕೆ ಮೇಜು ಸಜ್ಜು ಮಾಡುವುದೇ ಅರ್ಧ ಸಂಜೆಯ ಕೆಲಸ. ಮ್ಯಾಲಿಫಾಕ್ಸ್‌ಗೆ ಈ ನಗರದ ಅಗತ್ಯವೇ ಇರಲಿಲ್ಲ.

ಬಾಕಿ ಇರುವುದು ಎರಡು ಕೆಲಸ. ಗೋಪುರ ಡಬ್ಬಿಗೆ ಹಿಡಿಸುತ್ತಿಲ್ಲ. ಎರಡನೆಯ ಮಹಡಿಯ ಮಟ್ಟದಲ್ಲಿ ಅಡ್ಡ ಕೊಯ್ದು, ನಾಲ್ಕು ಮೂಲೆಗೂ ಅಯಸ್ಕಾಂತ ಕೂರಿಸಬೇಕು. ಹಲಗೆಗಳ ಫೋಮ್ ಅಂಚುಗಳು ಒಂದಕ್ಕೊಂದು ತಾಗಿ ಸವೆಯತೊಡಗಿವೆ. ಅವುಗಳಿಗೆ ಬಿಳಿ ಅಂಟಿನಲ್ಲಿ ಅದ್ದಿದ ಟಿಶ್ಯೂ ಕಾಗದದ ಪಟ್ಟಿ ಸುತ್ತಿ, ಒಣಗಿದ ಮೇಲೆ ಮತ್ತೆ ಕಪ್ಪು ಬಳಿಯಬೇಕು. ಪಟ್ಟಿ ಒಂದೇ ಪದರ ಇರಲಿ. ಎರಡಾದರೆ 305 ಮಿಲಿಮೀಟರ್‌ನ ಲೆಕ್ಕ ಮತ್ತೆ ಕೆಡುತ್ತದೆ.